ಅಣ್ಣನನ್ನು ಬಿಟ್ಟುಹೋಗುವ ತಮ್ಮ

ಯಾರನ್ನು ಕಂಡರೂ ‘ಇವನದು ಯಾವ ವೇಷ?’ ಎಂದು ಅಳೆಯುವ ಚಟವನ್ನು ನನಗೆ ಅಂಟಿಸಿದವನು ನನ್ನ ಅಣ್ಣ. ನಾವು ಕಾಸರಗೋಡಿನವರು, ಯಕ್ಷಗಾನ ನೋಡಿಯೇ ಬೆಳೆದವರು. ಅಲ್ಲಿ ವೇಷ ರಂಗಕ್ಕೆ ಬಂದ ಕೂಡಲೇ ಇವನು ರಾಜ, ಇವನು ರಾಕ್ಷಸ, ಇವನು ಬಿಸಿರಕ್ತದ ಹುಡುಗ, ಇವನು ಹಾಸ್ಯಗಾರ ಎಂದು ಗೊತ್ತಾಗಿಬಿಡುತ್ತದೆ. “ಹೊರಗೆ ಸಹ ಹಾಗೆಯೇ ಮಾರಾಯ, ಬಣ್ಣ ಹಚ್ಚುವುದಿಲ್ಲ ಅಷ್ಟೆ” ಎನ್ನುತ್ತಿದ್ದ ಅಣ್ಣ. ಎರ್ನಾಕುಲದ ವಿಲ್ಲಿಂಗ್ಡನ್ ಐಲ್ಯಾಂಡಿನ ಕಚೇರಿಯಲ್ಲಿ ಮೂವತ್ತು ವರ್ಷ ನಾನು ಇದೇ ವಿದ್ಯೆಯಿಂದ ಬದುಕಿದೆ. ಯಾವ ಮೇಲಧಿಕಾರಿ ಬಾಗಿಲು ಕಾಯುವ ಭೂತ, ಯಾವನು ದಾರಿ ತೋರಿಸುವ ಋಷಿ ಎಂದು ಮೊದಲ ದಿನವೇ ಹೇಳಿಬಿಡುತ್ತಿದ್ದೆ. ಸಾಹಿತ್ಯ ಓದುತ್ತಿರುವ ಮಗಳು, ಲೋಕದ ಎಲ್ಲ ಪುರಾಣಗಳಲ್ಲೂ ಇದೇ ಹತ್ತು ಹನ್ನೆರಡು ಮಂದಿ ಬೇರೆ ಬೇರೆ ಹೆಸರಿನಲ್ಲಿ ತಿರುಗುತ್ತಾರೆ ಎಂದು ಮಲಯಾಳದಲ್ಲಿ ವಿವರಿಸಿದಾಗ, ಇದನ್ನು ನಿನ್ನ ದೊಡ್ಡಪ್ಪ ನನಗೆ ಫೀಸಿಲ್ಲದೆ ಕಲಿಸಿದ್ದಾನೆ ಎಂದೆ.

ಹಾಗೆ ಹೇಳುವಾಗ ಆ ದೊಡ್ಡಪ್ಪ ನನ್ನೊಡನೆ ಮಾತು ಬಿಟ್ಟು ಆರು ವರ್ಷವಾಗಿತ್ತು.

ನಮ್ಮ ತಂಗಿ ಎರ್ನಾಕುಲದ ಹತ್ತಿರದ ಏಲೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಒಬ್ಬ ಮಲಯಾಳಿಯನ್ನು, ಜಾತಿ ಬಿಟ್ಟು, ಮೆಚ್ಚಿದಳು. ಅಣ್ಣ ಆಗುವುದಿಲ್ಲ ಎಂದ. ಅಪ್ಪ ತೀರಿದ ಮೇಲೆ ನಮ್ಮಿಬ್ಬರನ್ನೂ ಓದಿಸಿದವನು ಅವನು. ಅವನ ಮಾತಿಗೆ ಎದುರಾಡಿ ನಮಗೆ ಅಭ್ಯಾಸವೇ ಇರಲಿಲ್ಲ. ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಗೆ ಸಾಕ್ಷಿ ಬೇಕಿತ್ತು. ನಾನು ಹೋಗಿ ಸಹಿ ಹಾಕಿದೆ. ಅಣ್ಣನಿಗೆ ಹೇಳಲಿಲ್ಲ. ಮೂರನೆಯವರಿಂದ ತಿಳಿದ ಅವನು ನಮ್ಮಿಬ್ಬರಿಗೂ ಬಾಗಿಲು ಹಾಕಿಕೊಂಡ.

ತಿರುವನಂತಪುರದಲ್ಲಿರುವ ನಮ್ಮ ಕಡೆಯವರು ವರ್ಷಕ್ಕೊಮ್ಮೆ ತಾಳಮದ್ದಳೆ ಇಡುತ್ತಾರೆ. ತಾಳಮದ್ದಳೆಯೆಂದರೆ ವೇಷವಿಲ್ಲದ ಯಕ್ಷಗಾನ: ಪಂಚೆ ಶರ್ಟು ಹಾಕಿಕೊಂಡು ಕುರ್ಚಿಯಲ್ಲಿ ಎದುರುಬದುರು ಕೂರುವುದು, ಭಾಗವತರು ಒಂದು ಪದ್ಯ ಹಾಡುವುದು, ಅದರ ಮೇಲೆ ಪಾತ್ರಧಾರಿಗಳು ಸ್ಥಳದಲ್ಲೇ ಮಾತು ಹುಟ್ಟಿಸಿ ವಾದಿಸುವುದು. ಎದುರಿನವನು ಏನು ಕೇಳಿದರೂ ಉತ್ತರ ಕೊಡಲೇಬೇಕು. ಭಾಗವತರು ಮುಂದಿನ ಪದ್ಯ ಎತ್ತುವವರೆಗೆ ಏಳುವಂತಿಲ್ಲ. ಅಣ್ಣ ತಿರುವನಂತಪುರದ ಉಳ್ಳೂರಿನಲ್ಲೇ ಇರುವವನು, ಆ ಕೂಟದ ಹಳೆಯ ಹುಲಿ. ನಾನು ಸಹ ಹಿಂದೆ ಸಣ್ಣ ಪಾತ್ರಕ್ಕೆ ಕೂತದ್ದುಂಟು. ನಮ್ಮ ಮನೆಯ ಸಂಗತಿ ಗೊತ್ತಿಲ್ಲದ ಹೊಸ ಕಾರ್ಯದರ್ಶಿ ನನಗೆ ಫೋನ್ ಮಾಡಿ, “ಅಣ್ಣತಮ್ಮಂದಿರ ಪಾತ್ರ ನಿಜವಾದ ಅಣ್ಣತಮ್ಮಂದಿರೇ ಮಾಡಿದ್ರೆ ಎಷ್ಟು ಚಂದ, ಅಲ್ವಾ ಸಾರ್?” ಎಂದ. ಅಣ್ಣನಿಗೆ ಅಸುರರಾಜನ ಪಾತ್ರ. ನನಗೆ, ಅವನನ್ನು ಬಿಟ್ಟು ಎದುರು ಪಾಳಯಕ್ಕೆ ಹೋಗುವ ತಮ್ಮನದು.

ಒಲ್ಲೆ ಎನ್ನಬಹುದಿತ್ತು. ಆದರೆ ಅಣ್ಣ ಒಪ್ಪಿದ್ದಾನೆ ಎಂದು ಕೇಳಿದ ಮೇಲೆ ಬಾಯಿ ಬರಲಿಲ್ಲ. ಆರು ವರ್ಷದಲ್ಲಿ ಅವನ ಎದುರು ಕೂರಲು ಸಿಕ್ಕಿದ ಒಂದೇ ಕುರ್ಚಿ ಅದು. ಬೆಳಗಿನ ರೈಲಿನಲ್ಲಿ ಎರ್ನಾಕುಲದಿಂದ ಹೊರಟೆ. ಧರ್ಮ, ನೀತಿ, ನಾಲ್ಕು ಶ್ಲೋಕ ಎಲ್ಲ ಗಟ್ಟಿ ಮಾಡಿಕೊಂಡಿದ್ದೆ.

ಅಣ್ಣ ನನ್ನ ಕಡೆ ನೋಡದೆ ಬಂದು ಕುಳಿತ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪದ್ಯ ಮುಗಿಯಿತು. ರಾಜ ಗರ್ಜಿಸುತ್ತಾನೆ ಎಂದು ಸಭೆ ಕಾದಿತ್ತು. ಅವನು ಮೆಲ್ಲಗೆ ಮಾತು ತೆಗೆದ.

“ತಮ್ಮಾ, ನೀನು ಹೋದದ್ದಕ್ಕೆ ನನಗೆ ಕೋಪವಿಲ್ಲ. ನಿನ್ನ ಧರ್ಮ ದೊಡ್ಡದಿರಬಹುದು. ಆದರೆ ಹೋಗುವ ಮೊದಲು ನನ್ನಲ್ಲಿ ಒಂದು ಮಾತು ಹೇಳಬೇಕೆಂದು ತೋರಲಿಲ್ಲವೇ? ಅಷ್ಟು ಮಾತಿಗೂ ನಾನು ಯೋಗ್ಯನಲ್ಲವೇ?”

ಕಥೆಯಲ್ಲಿ ತಮ್ಮ ಇನ್ನೂ ಹೋಗಿಯೇ ಇರಲಿಲ್ಲ. ಈ ಕಥೆಯನ್ನು ನಾನು ನೂರು ಸಲ ಕೇಳಿದ್ದೆ. ರಾಕ್ಷಸನೆಂದರೆ ರಾಕ್ಷಸ, ಬಿಟ್ಟುಹೋದ ತಮ್ಮ ಒಳ್ಳೆಯವನು ಎಂದು ಸುಖವಾಗಿದ್ದೆ. ತಮ್ಮನು ಬಿಟ್ಟುಹೋದ ಅಣ್ಣನೊಬ್ಬ ಆ ಕಿರೀಟದ ಕೆಳಗೆ ಕೂತಿದ್ದಾನೆ ಎಂದು ಎಂದೂ ಹೊಳೆದಿರಲಿಲ್ಲ. ಯಾವ ಕಾಲದಲ್ಲಿ ಯಾರು ಹೊಲಿದಿಟ್ಟ ಅಂಗಿಯೋ ಇದು! ಎಷ್ಟು ಸಾವಿರ ಅಣ್ಣಂದಿರು, ತಮ್ಮಂದಿರು ತೊಟ್ಟು ಕಳಚಿದ್ದಾರೋ! ಆದರೂ ನಮ್ಮಿಬ್ಬರ ಮೈಗೆ ಅಳತೆ ತೆಗೆದ ಹಾಗೆ ಕೂತಿತ್ತು. ಹುಟ್ಟುವ ಮೊದಲೇ ನಮ್ಮನ್ನು ಬಲ್ಲವರು ಯಾರೋ ಇದ್ದರು ಎನಿಸಿ ನನಗೆ ಭಯವೂ ಆಯಿತು, ಕೈ ಮುಗಿಯಬೇಕೆಂದೂ ಆಯಿತು.

ಕಲಿತ ಶ್ಲೋಕ ಒಂದೂ ನಾಲಿಗೆಗೆ ಬರಲಿಲ್ಲ. ಭಾಗವತರು ತಾಳ ಹಿಡಿದು ಕಾಯುತ್ತಿದ್ದರು. ನಾನು ಮನೆಯ ಮಾತಿಗೇ ಇಳಿದೆ.

“ಹೇಳಿದ್ರೆ ನೀನು ಬೇಡ ಅಂತಿದ್ದಿ ಅಣ್ಣ. ನೀನು ಬೇಡ ಅಂದ ಮೇಲೆ ಹೋಗುವ ಧೈರ್ಯ ನನಗೆ ಇರಲಿಲ್ಲ. ಅದಕ್ಕೇ ಹೇಳ್ಲಿಲ್ಲ.”

ತಾಳಮದ್ದಳೆಯಲ್ಲಿ ಹೀಗೆ ಮಾತಾಡುವುದು ತಪ್ಪು. ಮುಂದಿನ ಸಾಲಿನ ಹಿರಿಯರೊಬ್ಬರು ಕೆಮ್ಮಿದರು. ಅಣ್ಣ ತಲೆ ತಗ್ಗಿಸಿದ. ಆಮೇಲೆ ರಾಜನ ಧ್ವನಿ ಎತ್ತಿ, ಕಥೆಯಲ್ಲಿ ಇರುವಂತೆಯೇ ನನ್ನನ್ನು ರಾಜ್ಯದಿಂದ ಹೊರಗೆ ಹಾಕಿದ. ಪದ್ಯ ಎದ್ದಿತು. ನನ್ನ ಪಾತ್ರ ಮುಗಿದಿತ್ತು. ಆಗಲಿಲ್ಲ, ಇಷ್ಟೇ ನಮ್ಮ ಋಣ ಎಂದುಕೊಂಡು ಎದ್ದೆ.

“ಎಲ್ಲಿಗೆ ಹೋಗ್ತಿ? ಅಲ್ಲೇ ಇರು. ಊಟಕ್ಕೆ ಒಟ್ಟಿಗೆ ಹೋಗುವ” ಎಂದ ಅಣ್ಣ. ಎದುರಿಗಿದ್ದ ಮೈಕು ಅದನ್ನು ಸಭೆಗೆಲ್ಲ ಕೇಳಿಸಿತು. ಗಡೀಪಾರಾದ ತಮ್ಮನನ್ನು ಊಟಕ್ಕೆ ಕರೆದ ಅಸುರರಾಜನನ್ನು ಯಾರೂ ಕಂಡಿರಲಿಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಅಳು ತಡೆಯಲು ಅಲ್ಲಿಯೇ ನೆಲ ನೋಡುತ್ತ ಕುಳಿತೆ.

ಊಟದ ಎಲೆಯ ಮುಂದೆ ಅವನು ಅನ್ನಕ್ಕೆ ಕೈ ಹಾಕಲಿಲ್ಲ.

“ಅವಳಿಗೆ ಫೋನ್ ಮಾಡು” ಎಂದ.

ಏಲೂರಿನಲ್ಲಿ ತಂಗಿ ಫೋನ್ ಎತ್ತಿದಳು. ಅಣ್ಣ ಇದ್ದಾನೆ ಎಂದಷ್ಟೇ ಹೇಳಿ ಅವನ ಕೈಗೆ ಕೊಟ್ಟೆ. ಎರಡು ಗಂಟೆ ಸಭೆಯನ್ನು ಆಳಿದ ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕೊನೆಗೆ, “ನಿಂದು ಊಟ ಆಯ್ತಾ?” ಎಂದು ಕೇಳಿದ.