ಅತ್ತೆಗೆ ಕೊಟ್ಟ ಮಾತು ಮತ್ತು ಕಾಣೆ ಮೀನು

ನಾನು ಮೀನುಗಾರರ ಮನೆಯಲ್ಲಿ ಹುಟ್ಟಿದವನು. ಆದರೆ ನಲವತ್ತೆರಡು ವರ್ಷ ತುಂಬುವವರೆಗೆ ಒಂದೇ ಒಂದು ಮೀನನ್ನೂ ಹಿಡಿದವನಲ್ಲ. ಇದನ್ನು ಇಷ್ಟು ಧೈರ್ಯವಾಗಿ ಹೇಳುತ್ತಿರುವುದು ಇದೇ ಮೊದಲು. ಮಲ್ಪೆಯ ಕಡೆ ಹೇಳಿದರೆ ಜನ ನಗುವುದಿಲ್ಲ, 'ಪಾಪ' ಎನ್ನುತ್ತಾರೆ. ಅದನ್ನು ತಡೆದುಕೊಳ್ಳುವುದು ಇನ್ನೂ ಕಷ್ಟ. ಅಜ್ಜ ದೋಣಿಯವರು, ಅಪ್ಪ ಬೋಟಿನವರು, ನಾನು ದುಬೈಯಲ್ಲಿ ಏಸಿ ಬಿಡಿಭಾಗಗಳ ಗೋದಾಮಿನ ಸ್ಟೋರ್ ಕೀಪರ್. ನನಗೂ ನೀರಿಗೂ ಇರುವ ಸಂಬಂಧ ಏಸಿಯಿಂದ ತೊಟ್ಟಿಕ್ಕುವಷ್ಟೇ.

ನಮ್ಮೂರಿನಲ್ಲಿ ಗಾಳ ಹಾಕುವುದೆಂದರೆ ಕೆಲಸವಿಲ್ಲದವರ ಕೆಲಸ. ಮೀನು ಹಿಡಿಯುವುದೆಂದರೆ ಬಲೆ. ಬಲೆ ಎಂದರೆ ಹತ್ತಾರು ಜನ, ಹತ್ತಾರು ಜನ ಎಂದರೆ ಬೊಬ್ಬೆ. ಒಬ್ಬನೇ ಕೋಲು ಹಿಡಿದುಕೊಂಡು ನೀರನ್ನೇ ನೋಡುತ್ತ ನಿಂತರೆ ಮನೆಯವರು ಮದುವೆ ಮಾಡಿಸುವ ಯೋಚನೆ ಮಾಡುತ್ತಾರೆ. ಹಾಗಾಗಿ ನನಗೆ ಗಾಳದ ಹುಚ್ಚು ಹಿಡಿಸಲು ದುಬೈಯೇ ಬೇಕಾಯಿತು, ಹಮೀದಾಕನೇ ಬೇಕಾಯಿತು. ಹಮೀದಾಕ ಉಳ್ಳಾಲದ ಬ್ಯಾರಿ, ದುಬೈಯ ಸತ್ವಾದಲ್ಲಿ ಟೈಲರಿಂಗ್ ಅಂಗಡಿ ಇಟ್ಟವರು. ಸೂಜಿಗೆ ದಾರ ಪೋಣಿಸುವ ಕೈಯಿಂದಲೇ ಗಾಳಕ್ಕೆ ನೂಲು ಕಟ್ಟುತ್ತಾರೆ. ಅವರ ಫೋನಿನ ತುಂಬ ಚಳಿದೇಶದ ವೀಡಿಯೊಗಳು. ಮೊಣಕಾಲಿನವರೆಗೆ ಬೂಟು ಹಾಕಿದ ಬಿಳಿಯರು ಕಡಲತೀರದಲ್ಲಿ ನಿಂತು, ಬೆರಳಿನಷ್ಟು ಸಪೂರದ ಕೋಲಿನಲ್ಲಿ ತೋಳಿನಷ್ಟು ದಪ್ಪದ ಸಾಲ್ಮನ್ ಹಿಡಿಯುತ್ತಾರೆ. ಹಿಡಿದು, ಮುತ್ತು ಕೊಟ್ಟು, ವಾಪಸ್ಸು ನೀರಿಗೆ ಬಿಡುತ್ತಾರೆ. ಮೊದಲ ಸಲ ಅದನ್ನು ನೋಡಿದಾಗ ನಾನು ಊಟ ಬಿಟ್ಟು ಎದ್ದು ನಿಂತಿದ್ದೆ.

ಸಾಲ್ಮನ್ ಬಗ್ಗೆ ಹಮೀದಾಕನಿಗೆ ಬಹಳ ಗೌರವ. ಅದು ಎಲ್ಲಿದ್ದರೂ ಕೊನೆಗೆ ತಾನು ಹುಟ್ಟಿದ ಹೊಳೆಗೇ ಮರಳುತ್ತದಂತೆ. "ಕಂಪೆನಿ ಟಿಕೆಟ್ ಇಲ್ಲ, ರಜೆ ಅರ್ಜಿ ಇಲ್ಲ, ಆದರೂ ಹೋಗುತ್ತದೆ ನೋಡಿ ಮಾರಾಯ್ರೆ" ಎಂದು ಅವರು ಹೇಳುವಾಗ ಧ್ವನಿ ಸ್ವಲ್ಪ ಗದ್ಗದವಾಗುತ್ತದೆ. ಆದರೆ ನಮ್ಮ ಈ ಬೆಚ್ಚಗಿನ ಕಡಲಿನಲ್ಲಿ ಸಾಲ್ಮನ್ ಎಲ್ಲಿಂದ ಬರಬೇಕು? ನಮಗೆ ಇರುವುದು ಕಾಣೆ. ಮರಳಿನ ಬಣ್ಣದ, ಸಪೂರದ, ಗೇಣುದ್ದದ ಮೀನು. ಇಲ್ಲಿನ ಅರಬರು ಅದನ್ನು ಹಾಸೂಮ್ ಎನ್ನುತ್ತಾರೆ. ದಡದ ಹತ್ತಿರವೇ ಮರಳು ಕೆದಕುತ್ತ ಓಡಾಡುತ್ತದೆ. ಅದನ್ನು ಹಿಡಿಯಲು ಹಗುರ ಕೋಲು, ಚಿಕ್ಕ ರೀಲು, ಕೂದಲಿನಂಥ ನೂಲು, ಕಡಲೆಕಾಳಿನಷ್ಟು ಸೀಸ ಸಾಕು. ದಪ್ಪ ನೂಲಾದರೆ ಕಾಣೆ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಸಪೂರವಾದರೆ ಅದು ಮೂಸಿದ್ದೂ ಬೆರಳಿಗೆ ತಿಳಿಯುತ್ತದೆ. ಇದೆಲ್ಲ ಹಮೀದಾಕ ಹೇಳಿದ್ದು. ನನ್ನ ಬೆರಳಿಗೆ ಎರಡು ವರ್ಷದಲ್ಲಿ ತಿಳಿದದ್ದು ಗಾಳಿ ಮತ್ತು ಪಾಚಿ ಮಾತ್ರ.

ಅಷ್ಟಕ್ಕೇ ನಿಲ್ಲಿಸಿದ್ದರೆ ತೊಂದರೆ ಇರಲಿಲ್ಲ. ಹಮೀದಾಕ ಹಿಡಿದ ಮೀನನ್ನು ಕೈಯಲ್ಲಿ ಹಿಡಿದು ನಾನು ಫೋಟೋ ತೆಗೆಸಿಕೊಳ್ಳುತ್ತಿದ್ದೆ. ಅದನ್ನು ಮಲ್ಪೆಯಲ್ಲಿರುವ ಅತ್ತೆಗೆ ಕಳಿಸುತ್ತಿದ್ದೆ. ಅತ್ತೆ ಮೂವತ್ತು ವರ್ಷ ಉಡುಪಿಯ ಮಾರ್ಕೆಟ್ಟಿನಲ್ಲಿ ಕೂತು ಮೀನು ಮಾರಿದವರು. ಕಿವಿರು ಎತ್ತಿ ನೋಡಿ ಮೀನು ಯಾವ ಹೊತ್ತಿಗೆ ದಡಕ್ಕೆ ಬಂತು ಎಂದು ಹೇಳಬಲ್ಲವರು. ಅಂಥವರಿಂದ "ಅಡ್ಡಿಲ್ಲ" ಎಂಬ ಒಂದು ಮಾತು ಸಿಕ್ಕರೆ ಸಾಕು ಎಂದು ಅಳಿಯನಾದ ನಾನು ಹದಿನಾಲ್ಕು ವರ್ಷದಿಂದ ಕಾಯುತ್ತಿದ್ದೆ. ಒಂದು ದಿನ ಫೋನಿನಲ್ಲಿ ಅತ್ಯುತ್ಸಾಹದಿಂದ, "ಮಾಮಿ, ನೀವು ಒಮ್ಮೆ ಬನ್ನಿ, ನನ್ನ ಕೈಯಾರೆ ಹಿಡಿದ ಕಾಣೆ ತಿನ್ನಿಸುತ್ತೇನೆ" ಎಂದುಬಿಟ್ಟೆ. ಹೆಂಡತಿ ಸುಜಾತ ಅಡುಗೆಮನೆಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದಳು. ಡಿಸೆಂಬರಿನಲ್ಲಿ ಅತ್ತೆ ಒಂದು ತಿಂಗಳ ವಿಸಿಟ್ ವೀಸಾದಲ್ಲಿ ನಿಜವಾಗಿಯೂ ಬಂದೇ ಬಂದರು.

ಬಂದ ಮರುದಿನವೇ ಸೂಪರ್ ಮಾರ್ಕೆಟ್ಟಿಗೆ ಕರೆದುಕೊಂಡು ಹೋದೆ. ಐಸಿನ ಮೇಲೆ ಮಲಗಿದ ಮೀನುಗಳನ್ನು ಅವರು ಆಸ್ಪತ್ರೆಯ ವಾರ್ಡು ನೋಡುವಂತೆ ನೋಡಿದರು. ಗುಲಾಬಿ ಬಣ್ಣದ ಸಾಲ್ಮನ್ ತುಂಡಿನ ಮುಂದೆ ನಿಂತು, "ಇದಕ್ಕೆ ಬಣ್ಣ ಹಾಕಿದ್ದಾ?" ಎಂದು ಕೇಳಿದರು. ಅದು ನಾರ್ವೆಯಿಂದ ವಿಮಾನದಲ್ಲಿ ಬಂದದ್ದು ಎಂದೆ. "ನನಗಿಂತ ಮೊದಲು ಬಂದದ್ದು, ಅಲ್ವಾ?" ಎಂದರು. ದೊಡ್ಡ ಮೀನು ಮಾರ್ಕೆಟ್ಟಿಗೂ ಹೋದೆವು. ಅಲ್ಲಿ ಬಂಗಾಳಿ ವ್ಯಾಪಾರಿಯ ಹತ್ತಿರ ತುಳುವಿನಲ್ಲಿ ಅರ್ಧ ಗಂಟೆ ಮಾತಾಡಿ, ಅವನಿಂದ ಸಲಾಮು ಹಾಕಿಸಿಕೊಂಡು, ಏನೂ ಕೊಳ್ಳದೆ ಬಂದರು. ಎಲ್ಲ ನಿನ್ನೆಯದ್ದಂತೆ. ಬೆಳಿಗ್ಗೆ ದಡಕ್ಕೆ ಬಂದ ಮೀನು ಮಾತ್ರ ಮಧ್ಯಾಹ್ನ ಅವರ ಬಟ್ಟಲಿಗೆ ಬೀಳಬೇಕು. ಹೀಗಾಗಿ ಮೂರು ವಾರಗಳ ಕಾಲ ನಮ್ಮ ಅಲ್ ನಹ್ದಾದ ಫ್ಲ್ಯಾಟಿನಲ್ಲಿ ಅತ್ತೆ ಬೇಳೆಸಾರು ಮತ್ತು ಬೀನ್ಸ್ ಪಲ್ಯ ಉಂಡರು. ದೂರು ಹೇಳಲಿಲ್ಲ. ಅನ್ನ ಮಾತ್ರ ದಿನದಿಂದ ದಿನಕ್ಕೆ ಕಡಿಮೆ ಹಾಕಿಸಿಕೊಂಡರು.

ನಾನು ಸುಮ್ಮನೆ ಕೂತಿರಲಿಲ್ಲ, ನೆವ ಹುಡುಕುತ್ತಿದ್ದೆ. ಒಂದು ವಾರ ಶಮಾಲ್ ಗಾಳಿ ಎಂದೆ. ಇನ್ನೊಂದು ವಾರ ಫೋನಿನಲ್ಲಿರುವ ಮೀನು ಹಿಡಿಯುವ ಪರವಾನಿಗೆ ತೆರೆಯುತ್ತಿಲ್ಲ ಎಂದೆ. ಮೂರನೆಯ ವಾರ ಚಂದ್ರನ ಮೇಲೆ ಹಾಕಿದೆ. ನಾಲ್ಕನೆಯ ಭಾನುವಾರ ಸಂಜೆ ಅವರ ವಿಮಾನ. ಶನಿವಾರ ಸುಜಾತ ನನ್ನನ್ನು ಬಾಲ್ಕನಿಗೆ ಕರೆದು ಮೆಲ್ಲಗೆ, "ಅಮ್ಮ ಮೀನು ತಿನ್ನದೆ ವಾಪಸ್ಸು ಹೋದರೆ ನಾನು ಊರಿನಲ್ಲಿ ಮುಖ ಎತ್ತಿ ನಡೆಯುವುದು ಹೇಗೆ? ನಾಳೆ ಹೋಗಿ. ಏನಾದರೂ ಮಾಡಿ" ಎಂದಳು.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕೋಲು ತೆಗೆದುಕೊಂಡು ಹೊರಟರೆ ಅತ್ತೆ ಸೀರೆ ಎತ್ತಿ ಕಟ್ಟಿ, ಪ್ಲಾಸ್ಟಿಕ್ ಬಕೆಟ್ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಕಾರಿನಲ್ಲಿ ನಾನು ಹೊರಗಿನ ಹಿತವಾದ ಚಳಿಯ ಬಗ್ಗೆ ಬಹಳ ಮಾತಾಡಿದೆ. ಅವರು ಕೇಳುವಷ್ಟು ಕೇಳಿ, "ಫೋಟೋದ ಮೀನು ಯಾರು ಹಿಡಿದದ್ದು?" ಎಂದರು.

ಕೆಂಪು ಸಿಗ್ನಲ್ಲಿಗೆ ಕಾರು ನಿಲ್ಲಿಸಿದೆ. "ಮಾಮಿ, ಅದು..."

"ಮೀನನ್ನು ಬೆಕ್ಕಿನ ಮರಿ ಎತ್ತಿಕೊಂಡ ಹಾಗೆ ಹಿಡಿದಿದ್ದಿರಿ. ಹಿಡಿದವರು ಹಾಗೆ ಹಿಡಿಯುವುದಿಲ್ಲ. ಇರಲಿ, ಹಸಿರು ಸಿಗ್ನಲ್ ಬಿತ್ತು, ಹೋಗಿ."

ಕಡಲತೀರದಲ್ಲಿ ನಮ್ಮ ಎಂದಿನ ಸಂಸಾರ ಇತ್ತು. ಹಮೀದಾಕ ಇದ್ದರು. ಹೋಟೆಲೊಂದರಲ್ಲಿ ಕೆಲಸ ಮಾಡುವ ಫಿಲಿಪ್ಪೀನ್ಸಿನ ರೊಮೆಲ್ ಇದ್ದ. ಮಡಚುವ ಕುರ್ಚಿ, ಖಾವಾ ಎಂಬ ಕಹಿ ಕಾಫಿಯ ಫ್ಲಾಸ್ಕು ಸಮೇತ ಬರುವ ಬಿಳಿ ಗಡ್ಡದ ಅರಬ್ ಹಿರಿಯರೂ ಇದ್ದರು. ಅವರ ಹೆಸರು ನಮಗೆ ಇಂದಿಗೂ ಗೊತ್ತಿಲ್ಲ, ಎಲ್ಲರಿಗೂ ಅವರು ಬಾಬಾ. ಅತ್ತೆ ನನ್ನ ಕೋಲನ್ನು ಕೈಯಲ್ಲಿ ಆಡಿಸಿ ನೋಡಿ, "ಇದು ಮೀನು ಹಿಡಿಯುವುದಾ, ಮಾಡಿನ ಜೇಡರಬಲೆ ತೆಗೆಯುವುದಾ?" ಎಂದರು. ಹಮೀದಾಕ ಕೆಮ್ಮುವ ನೆವ ಮಾಡಿ ಆ ಕಡೆ ತಿರುಗಿದರು.

ನಾನು ಮೈಯಲ್ಲಿರುವ ಶಕ್ತಿಯೆಲ್ಲ ಹಾಕಿ ಗಾಳವನ್ನು ದೂರಕ್ಕೆ ಎಸೆದೆ. ಎಸೆಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಎರಡನೆಯ ಸಲಕ್ಕೆ ನೂಲು ಸಿಕ್ಕುಸಿಕ್ಕಾಗಿ ರೀಲಿನ ಮೇಲೆ ಗುಬ್ಬಿಗೂಡು ಕಟ್ಟಿತು. ರೊಮೆಲ್ ಬಂದು ಕಾಲು ಗಂಟೆ ಕೂತು ಬಿಡಿಸಿಕೊಟ್ಟ. ಗಾಳಕ್ಕೆ ಸಿಕ್ಕಿಸಲು ನಾನು ತಂದ ಸಿಗಡಿ ಫ್ರಿಜ್ಜಿನಲ್ಲಿ ಸತ್ತು ಸುಣ್ಣವಾಗಿತ್ತು. ಹಮೀದಾಕ ತಮ್ಮ ಡಬ್ಬಿಯಿಂದ ತಾಜಾ ಬೊಂಡಾಸಿನ, ಎಂದರೆ ಸ್ಕ್ವಿಡ್ಡಿನ, ತುಂಡು ಕೊಟ್ಟರು. ಒಂದು ಗಂಟೆ ಕಳೆಯಿತು. ಏನೂ ಇಲ್ಲ. ಸೂರ್ಯ ಕಟ್ಟಡಗಳ ಮೇಲೆ ಬಂದ. ಮಧ್ಯಾಹ್ನದ ಬೇಳೆಸಾರು ನನ್ನ ಕಣ್ಣ ಮುಂದೆ ಬಂತು.

ಆಗ ಅತ್ತೆ ಚಪ್ಪಲಿ ಬಿಟ್ಟು ನೀರಿಗಿಳಿದರು. ಹಿಮ್ಮಡಿಯಿಂದ ಮರಳನ್ನು ಒತ್ತುತ್ತ, ದಡದ ಗುಂಟ ನಿಧಾನವಾಗಿ ನಡೆದರು. ಬಾಬಾ ಕೂತಿದ್ದ ಜಾಗದ ಮುಂದೆ ನಿಂತು, "ಇಲ್ಲಿ ಹೊಂಡ ಉಂಟು. ಇಲ್ಲಿ ಬಿಸಾಡಿ" ಎಂದರು. ದಡದಿಂದ ಹತ್ತು ಮಾರೂ ಇಲ್ಲ, ಮಕ್ಕಳು ಕಾಲು ತೊಳೆಯುವ ಜಾಗ. "ಇಷ್ಟು ಹತ್ತಿರವಾ ಮಾಮಿ?" ಎಂದೆ. "ಮೀನು ನಿಮ್ಮ ಹಾಗೆ ದೂರ ದೇಶಕ್ಕೆ ಹೋಗುವುದಿಲ್ಲ, ಹೊಟ್ಟೆಗೆ ಸಿಕ್ಕುವಲ್ಲಿ ಇರುತ್ತದೆ" ಎಂದರು. ಬಾಬಾ ಏನು ಅರ್ಥ ಮಾಡಿಕೊಂಡರೋ, "ತಫದ್ದಲ್, ತಫದ್ದಲ್" ಎನ್ನುತ್ತ ಎದ್ದು ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಂಡು ಜಾಗ ಬಿಟ್ಟುಕೊಟ್ಟರು.

ಎಸೆಯಲಿಲ್ಲ, ಮೆಲ್ಲಗೆ ಹಾಕಿದೆ. ನೂಲು ಬಿಗಿಯಾಗುವ ಮೊದಲೇ ಬೆರಳಿಗೆ ಟಿಕ್ ಟಿಕ್ ಎಂದಿತು. ಅದನ್ನು ಹೇಗೆ ವರ್ಣಿಸಲಿ? ನಲವತ್ತೆರಡು ವರ್ಷ ಅಜ್ಜ, ಅಪ್ಪ ಹೇಳದೆ ಬಿಟ್ಟಿದ್ದನ್ನು ಯಾರೋ ಒಂದು ಕ್ಷಣದಲ್ಲಿ ಹೇಳಿ ಮುಗಿಸಿದಂತಾಯಿತು. ಎಳೆದೆ. ಬೆಳ್ಳಗೆ ಮಿಂಚುತ್ತ, ಕುಣಿಯುತ್ತ ಬಂತು ಕಾಣೆ. ನಾನು ಮಕ್ಕಳ ಹಾಗೆ ಕಿರುಚಿದೆ. ರೊಮೆಲ್ ಕುಣಿದ. ಹಮೀದಾಕ "ಮಾಷಾ ಅಲ್ಲಾ" ಎಂದರು. ಅತ್ತೆ ಮಾತ್ರ, "ಬೊಬ್ಬೆ ಹಾಕಬೇಡಿ, ಉಳಿದವು ಓಡುತ್ತವೆ" ಎಂದು ಗದರಿಸಿದರು. ಮುಂದಿನ ಅರ್ಧ ಗಂಟೆಯಲ್ಲಿ ಇನ್ನೂ ನಾಲ್ಕು ಬಂದವು. ಆಮೇಲೆ ಖಲಾಸ್, ಒಂದೂ ಇಲ್ಲ.

ಬಕೆಟಿನಲ್ಲಿ ಐದು ಕಾಣೆ. ತಲೆಗೆ ಒಂದು, ಮಿಕ್ಕ ಎರಡೂ ಅತ್ತೆಗೆ ಎಂದು ನಾನು ಮನಸ್ಸಿನಲ್ಲೇ ಬಡಿಸಿಯೂ ಆಗಿತ್ತು. ಅಷ್ಟರಲ್ಲಿ ಅತ್ತೆ ಕುಕ್ಕರಗಾಲಿನಲ್ಲಿ ಕೂತು, ಒದ್ದೆ ಮರಳಿನ ಮೇಲೆ ಮೀನುಗಳನ್ನು ಒಂದೊಂದಾಗಿ ದೂರ ದೂರ ಇಟ್ಟರು. ನೋಡಿದ ಕೂಡಲೇ ನನಗೆ ತಿಳಿಯಿತು. ನಮ್ಮಲ್ಲಿ ಕೈರಂಪಣಿ ಬಲೆಯನ್ನು ದಡದಿಂದ ಹಗ್ಗ ಹಿಡಿದು ಎಳೆಯುವಾಗ, ದಾರಿಯಲ್ಲಿ ಹೋಗುವವನು ಒಂದು ಕೈ ಹಾಕಿದರೂ ಅವನಿಗೊಂದು ಪಾಲು ಉಂಟು.

"ಇದು ಬೊಂಡಾಸು ಕೊಟ್ಟವರಿಗೆ. ಇದು ನೂಲು ಬಿಡಿಸಿದವನಿಗೆ. ಇದು ಜಾಗ ಬಿಟ್ಟ ಅಜ್ಜನಿಗೆ."

"ಮಾಮಿ!" ಎಂದೆ. ಅಳು ಬರುವುದೊಂದು ಬಾಕಿ. "ಇದು ಗಾಳ. ಇಲ್ಲಿ ಹಗ್ಗ ಎಲ್ಲುಂಟು?"

"ನೂಲು ಅಂದರೆ ಸಪೂರದ ಹಗ್ಗ ಅಲ್ವಾ?" ಎಂದರು.

ಹಮೀದಾಕ ಬೇಡ ಬೇಡ ಎಂದರು, ಆದರೆ ಕೈ ಚಾಚಿಯೇ ಹೇಳಿದರು. ರೊಮೆಲ್ "ಅಮ್ಮಾ, ಯು ಬಾಸ್!" ಎಂದು ಸೆಲ್ಯೂಟ್ ಹೊಡೆದ. ಬಾಬಾ ಮೀನನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಎದೆ ಮುಟ್ಟಿಕೊಂಡು, ಪುಟ್ಟ ಲೋಟದಲ್ಲಿ ಖಾವಾ ಕೊಟ್ಟರು. ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿ, ಮರ್ಯಾದೆಗೆ ಪೂರ್ತಿ ಕುಡಿದರು. ಉಳಿದ ಎರಡರಲ್ಲಿ ಒಂದು ಹೊಂಡ ತೋರಿಸಿದ ಅವರದ್ದು, ಒಂದು ಕೋಲು ಹಿಡಿದ ನನ್ನದು.

ಮನೆಯಲ್ಲಿ ಅತ್ತೆ ಅಡುಗೆಮನೆಗೆ ಯಾರನ್ನೂ ಸೇರಿಸಲಿಲ್ಲ. ಮೆಣಸು, ಹುಳಿ ಅರೆದು ಹಚ್ಚಿ ಕಾವಲಿಯಲ್ಲಿ ಕಾಯಿಸಿದರು. ನನ್ನ ಪಾಲನ್ನು ಸುಜಾತಳೂ ನಾನೂ ಹಂಚಿಕೊಂಡೆವು. ಅತ್ತೆ ಮುಳ್ಳು ಬಿಡಿಸುತ್ತ ಉಂಡರು. ನಾನು ತಲೆ ತಗ್ಗಿಸಿ, ಕಣ್ಣು ಮಾತ್ರ ಅವರ ಬಟ್ಟಲಿನ ಮೇಲಿಟ್ಟು ಕೂತಿದ್ದೆ. ಮೀನು ಮುಗಿಯಿತು, ಬಾಚಣಿಗೆಯಂಥ ಮುಳ್ಳು ಮಾತ್ರ ಉಳಿಯಿತು. ಅವರು ಬಟ್ಟಲು ಮುಂದೆ ಚಾಚಿ, "ಸುಜಾತಾ, ಇನ್ನು ಸ್ವಲ್ಪ ಅನ್ನ ಹಾಕು" ಎಂದರು. ಸುಜಾತ ಅನ್ನ ಬಡಿಸುತ್ತ ನನ್ನನ್ನು ನೋಡಿ ಕಣ್ಣಲ್ಲೇ ನಕ್ಕಳು. ಆ ಹೊತ್ತು ನನಗಾದ ಸಂತೋಷವನ್ನು ನಾನು ಯಾವ ಸಾಲ್ಮನ್ನಿಗೂ ಬಿಟ್ಟುಕೊಡಲಾರೆ.

ಊಟ ಮುಗಿಸಿ ನಾನು ಅವರ ಸೂಟ್‌ಕೇಸ್ ಕಟ್ಟುತ್ತಿದ್ದೆ. ಅತ್ತೆ ಕಿಟಕಿಯ ಹತ್ತಿರ ಕೂತು ಮಾರ್ಕೆಟ್ಟಿನ ಗೆಳತಿ ಗಿರಿಜಕ್ಕನಿಗೆ ಫೋನು ಹಚ್ಚಿದರು. ಫೋನಿನಲ್ಲಿ ಅವರ ಧ್ವನಿ ದುಬೈಯಿಂದ ಉಡುಪಿಗೆ ಫೋನಿಲ್ಲದೆಯೂ ಮುಟ್ಟುವಂಥದ್ದು. "ಅಳಿಯ ಮೀನು ಹಿಡಿದರು ಗಿರಿಜಾ. ಹೌದು ಮಾರಾಯ್ತಿ, ಅವರೇ, ಗಾಳದಲ್ಲಿ! ಎಷ್ಟಾ? ಕಡಲಲ್ಲಿ ಇದ್ದವರಿಗೆಲ್ಲ ಪಾಲು ಕೊಟ್ಟು, ಮನೆಯಲ್ಲಿ ನಾವೂ ಹೊಟ್ಟೆ ತುಂಬ ಉಂಡೆವು." ಒಂದಕ್ಷರ ಸುಳ್ಳಿಲ್ಲ. ಮೂವತ್ತು ವರ್ಷದಲ್ಲಿ ಯಾವ ಗಿರಾಕಿಯ ಮುಂದೆಯೂ ನಿನ್ನೆಯ ಮೀನನ್ನು ಇವತ್ತಿನದ್ದು ಎನ್ನದ ಹೆಂಗಸು ನನಗೋಸ್ಕರ ಮಾತನ್ನು ಎಷ್ಟು ಜೋಪಾನವಾಗಿ ಹೆಣೆಯುತ್ತಿದ್ದಾರೆ ಎನಿಸಿತು. ಝಿಪ್ಪು ಎಳೆಯುವ ನೆವದಲ್ಲಿ ಬಗ್ಗಿದೆ. ಆ ಕಡೆಯಿಂದ ಗಿರಿಜಕ್ಕ ಮೀನು ಎಷ್ಟುದ್ದ ಎಂದು ಕೇಳಿರಬೇಕು. ಅತ್ತೆ ಒಮ್ಮೆ ತಿರುಗಿ ನನ್ನನ್ನು ನೋಡಿದರು. ಫೋನಿನಲ್ಲಿ ಯಾರಿಗೂ ಕಾಣದು ಎಂಬುದನ್ನೂ ಮರೆತು ಎಡಗೈಯನ್ನು ಮುಂದೆ ಚಾಚಿ, ಬಲಗೈಯಿಂದ ಅಳೆಯತೊಡಗಿದರು. ಮೊದಲು ಮಣಿಕಟ್ಟಿನ ಹತ್ತಿರ ನಿಂತ ಕೈ, ಮಾತಾಡುತ್ತಾಡುತ್ತ, ಮೊಣಕೈ ದಾಟಿ ಮೇಲೇರುತ್ತಲೇ ಇತ್ತು.