ಹಳದಿ ಫಲಕದ ಕೆಳಗಿನ ಬೆಂಚು

ಅವರ ಎಡಗೈ ಬಲಗೈಗಿಂತ ಬಹಳ ಕಪ್ಪಗಿತ್ತು. ಇಪ್ಪತ್ತೆಂಟು ವರ್ಷ ಅಬುಧಾಬಿಯ ಮರಳುಗಾಡಿನ ಸೈಟುಗಳಿಗೆ ಪಿಕಪ್ ಓಡಿಸಿದವರು. ಕಿಟಕಿಯ ಮೇಲಿಟ್ಟ ಕೈಯನ್ನು ಬಿಸಿಲು ಸುಟ್ಟಿತ್ತು. ನಾನು ಅವರದೇ ಕಂಪನಿಯ ಸ್ಟೋರ್‌ಕೀಪರ್. ಹಮ್ದಾನ್ ಸ್ಟ್ರೀಟಿನ ಹಿಂದೆ ಒಂದೇ ಕೋಣೆಯಲ್ಲಿ ಹನ್ನೊಂದು ವರ್ಷ ಇದ್ದೆವು.

ಒಮ್ಮೆ ನನ್ನ ವ್ಯಾನು ಮರಳಿನಲ್ಲಿ ಹೂತುಹೋಯಿತು. ನಡೆದೇ ರಸ್ತೆ ಸೇರುತ್ತೇನೆಂದು ಫೋನು ಮಾಡಿದಾಗ ಅವರು ಗದರಿದರು. "ಗಾಡಿ ಬಿಟ್ಟು ಕದಲಬೇಡಿ ಮಾರಾಯ್ರೆ. ನೀವು ನಡೆಯಲಿಕ್ಕೆ ಹೊರಟರೆ ನಾನು ಎಲ್ಲಿ ಅಂತ ಹುಡುಕುವುದು?" ನಾಲ್ಕು ಗಂಟೆ ಕಳೆದ ಮೇಲೆ ತಣ್ಣಗಿನ ಮಜ್ಜಿಗೆ ಹಿಡಿದುಕೊಂಡು ಬಂದರು.

ವೀಸಾ ಮುಗಿಯುವ ಮುಂಚೆ ಹುಲ್ಲಿನ ಮೇಲೆ ನಡೆಯಬೇಕೆಂಬುದು ಅವರ ಆಸೆ. ನಿಮ್ಮ ಬಂಟ್ವಾಳದಲ್ಲಿ ಹುಲ್ಲಿಲ್ಲವಾ ಎಂದೆ. "ಊರಲ್ಲಿ ನಡೆಯಲಿಕ್ಕೆ ಬಿಡ್ತಾರಾ? ಹತ್ತು ಹೆಜ್ಜೆಗೆ ಒಂದು ಮನೆ, ಒಂದು ಚಾ."

ಆಸ್ಟ್ರಿಯಾಕ್ಕೆ ಹೋದೆವು. ಮೂರು ದಿನ ಹಸುಗಳು ಮೇಯುವ ಗುಡ್ಡಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದೆವು. ಎದುರು ಬಂದವರು ತಮ್ಮ ಭಾಷೆಯಲ್ಲಿ ನಮಸ್ಕಾರ ಹೇಳಿದರೆ ಇವರು ಎದೆಯ ಮೇಲೆ ಕೈಯಿಟ್ಟು ಸಲಾಂ ಹೇಳುತ್ತಿದ್ದರು.

ನಾಲ್ಕನೆಯ ದಿನ ಮಧ್ಯಾಹ್ನ ಅವರ ಮಂಡಿ ಹಿಡಿದುಕೊಂಡಿತು. ದಾರಿ ತೋರುವ ಹಳದಿ ಫಲಕದ ಕೆಳಗೊಂದು ಬೆಂಚಿತ್ತು. ನೀವು ಇಲ್ಲೇ ಕೂತಿರಿ, ಗುಡ್ಡದ ತುದಿ ನೋಡಿ ಬರುತ್ತೇನೆ ಎಂದೆ. ಅಲ್ಲಿಯ ಸಿಮ್ ಇದ್ದದ್ದು ನನ್ನ ಫೋನಿನಲ್ಲಿ ಮಾತ್ರ.

ತುದಿ ಮುಟ್ಟುವಷ್ಟರಲ್ಲಿ ಮಂಜು ಕವಿಯಿತು. ಹಿಮದ ಮಳೆ ಶುರುವಾಯಿತು. ತುದಿಯಿಂದ ನೇರ ಹಳ್ಳಿಗೆ ಇಳಿಯುವ ಕೊನೆಯ ಕೇಬಲ್ ಕಾರು ಹೊರಡುವುದರಲ್ಲಿತ್ತು. ನನಗೆ ಹೆದರಿಕೆಯಾಯಿತು. ಅವರು ಮೆಲ್ಲಗೆ ಇಳಿದಿರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಹತ್ತಿ ಕೂತೆ.

ವಸತಿಗೃಹದ ಕೋಣೆ ಖಾಲಿಯಿತ್ತು. ಬಿಟ್ಟು ಬಂದೆ ಎನ್ನಲು ನಾಚಿಕೆಯಾಯಿತು. ಹುಡುಕಲು ಹೊರಟವರಿಗೆ, ಮಂಜಿನಲ್ಲಿ ಅವರು ದಾರಿ ತಪ್ಪಿದರು ಎಂದೆ. ಹುಡುಕುವವರು ಕೆಳಗಿನ ಕಾಡನ್ನೆಲ್ಲ ಜಾಲಾಡಿ, ಎಲ್ಲಕ್ಕಿಂತ ಕೊನೆಗೆ ಆ ಬೆಂಚಿಗೆ ಬಂದರು. ಅವರು ಚಳಿಗೆ ಮರಗಟ್ಟಿ ಅಲ್ಲೇ ಕೂತಿದ್ದರು. ಬೆಂಚು ಎಂಬ ಒಂದು ಮಾತು ನನ್ನ ಬಾಯಿಂದ ಬಂದಿದ್ದರೆ ಸಾಕಿತ್ತು.

ಆಸ್ಪತ್ರೆಯಲ್ಲಿ ನನ್ನನ್ನು ಕಂಡು ಅವರ ಮುಖ ಅರಳಿತು.

"ಬಂದ್ರಾ? ನಾನು ಅಲ್ಲಿಂದ ಕದಲಲಿಲ್ಲ ಮಾರಾಯ್ರೆ."

ಮೂರನೆಯ ದಿನ ತೀರಿಹೋದರು.

ಅವರ ಹೆಂಡತಿ ಈಗ ಕರಾಮ ಬಡಾವಣೆಯಲ್ಲಿ, ಮಗಳ ಫ್ಲ್ಯಾಟಿನಲ್ಲಿದ್ದಾರೆ. ಮೊನ್ನೆ ನಿಜ ಹೇಳಿಬಿಡಬೇಕೆಂದೇ ಹೋದೆ. ಊಟ ಬಡಿಸುತ್ತ ಅವರೇ ಕೇಳಿದರು: "ಇಷ್ಟು ವರ್ಷ ಮರಳಲ್ಲಿ ದಾರಿ ತಪ್ಪದವರಿಗೆ ಅಲ್ಲಿ ಹೇಗೆ ತಪ್ಪಿತು ಅಣ್ಣಾ?"

ಮಂಜು ಇತ್ತು ಎಂದೆ.

ಅವರು ನನ್ನ ತಟ್ಟೆಗೆ ಇನ್ನೊಂದು ಪತ್ತಿರ್ ರೊಟ್ಟಿ ಹಾಕಿದರು. ತಿಂದೆ.