ಹಾರ್ಡ್ ಡಿಸ್ಕಿಗೊಂದು ಕುರ್ಚಿ

ಸಂಜೀವಣ್ಣನ ವೇದಿಕೆಯಲ್ಲಿ ಹಾಡುವವರಿಗೆ ಕುರ್ಚಿ ಇರುತ್ತಿರಲಿಲ್ಲ, ಹಾರ್ಡ್ ಡಿಸ್ಕಿಗೆ ಇರುತ್ತಿತ್ತು. ಕೆಂಪು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಮೈ ಒರೆಸುವ ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದು, ಬೈರಾಸಿನ ಮೇಲೆ ಅಂಗೈಯಗಲದ ಕಪ್ಪು ಡಬ್ಬಿ. ಸ್ಪೀಕರಿನ ಅದುರು ಡಿಸ್ಕಿಗೆ ತಾಗಬಾರದೆಂದು ಈ ಏರ್ಪಾಡು. ಮದುಮಗಳ ಮಾವನೇ ಬಂದು ಆ ಕುರ್ಚಿಗೆ ಕೈ ಹಾಕಿದರೂ, "ಅದರಲ್ಲಿ ಜನ ಉಂಟು, ಬೇರೆ ತೆಗೊಳ್ಳಿ" ಎಂದು ಹೇಳುವುದಕ್ಕೆ ಅವರಿಗೆ ಯಾವ ದಾಕ್ಷಿಣ್ಯವೂ ಇರಲಿಲ್ಲ. ನಾನು ಮೂರು ಗಂಟೆ ನಿಂತೇ ಹಾಡುತ್ತಿದ್ದೆ. ಕಾಲು ನೋಯುತ್ತದೆ ಎಂದರೆ, "ನಿನಗೆ ಕಾಲಾದರೂ ಉಂಟಲ್ಲ ಮಾರಾಯ್ತಿ" ಎನ್ನುತ್ತಿದ್ದರು.

ಅವರು ದುಬೈಯಲ್ಲಿ ಹನ್ನೊಂದು ವರ್ಷ ವಯರಿಂಗ್ ಕೆಲಸ ಮಾಡಿ ಊರಿಗೆ ಬಂದವರು. ಬರುವಾಗ ತಂದದ್ದು ಯಾರೋ ಬಳಸಿ ಬಿಟ್ಟಿದ್ದ ಒಂದು ಲ್ಯಾಪ್‌ಟಾಪ್. ಬೆಳ್ತಂಗಡಿಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟರು, ಜತೆಗೆ ಒಂದು ಆರ್ಕೆಸ್ಟ್ರಾ ಕಟ್ಟಿದರು. ಎರಡು ಸಾವಿರದ ಆರೋ ಏಳೋ ಇಸವಿ. ಕೀಬೋರ್ಡು, ಡ್ರಮ್ಮು, ಗಿಟಾರು ಎಂದು ಹತ್ತು ಜನರನ್ನು ಟೆಂಪೋದಲ್ಲಿ ತುಂಬಿಕೊಂಡು ಹೋಗುವ ಕಾಲ ಮುಗಿಯುತ್ತಾ ಬಂದಿತ್ತು. ವಾದ್ಯವೆಲ್ಲ ಲ್ಯಾಪ್‌ಟಾಪಿನಿಂದ ಬರುತ್ತಿತ್ತು, ಸ್ವರ ಮಾತ್ರ ನಮ್ಮದು. ವಾದ್ಯ ಮಾತ್ರ ಇರುವ ಆ ಹಾಡುಗಳಿಗೆ ಟ್ರ್ಯಾಕ್ ಎನ್ನುತ್ತಿದ್ದೆವು.

ಆ ಲ್ಯಾಪ್‌ಟಾಪಿನ ಅವಸ್ಥೆ ದೇವರಿಗೇ ಪ್ರೀತಿ. ಬ್ಯಾಟರಿ ಸತ್ತು ವರ್ಷವಾಗಿತ್ತು. ಒಳಗೆ ಜಾಗವಿಲ್ಲ, ನೂರು ಹಾಡು ಹಾಕಿದರೆ ಉಬ್ಬಸ. ಅದಕ್ಕೇ ಹಾಡುಗಳೆಲ್ಲ ಹೊರಗಿನ ಡಿಸ್ಕಿನಲ್ಲಿ. ವಯರು ಸಿಕ್ಕಿಸುವ ತೂತು ಸಡಿಲವಾಗಿತ್ತೆಂದು ಬಸ್ಸಿನ ಟಿಕೇಟು ಮಡಚಿ ಬೆಣೆಯಂತೆ ತುರುಕುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಡಿಸ್ಕು ತಿರುಗುವುದನ್ನು ನಿಲ್ಲಿಸುತ್ತಿತ್ತು, ಮತ್ತೆ ಎಬ್ಬಿಸುವಷ್ಟರಲ್ಲಿ ಹಾಡಿನ ಮೊದಲ ಸಾಲು ಹೋಗುತ್ತಿತ್ತು. ಹಾಗಾಗಿ ಭಾಷಣದ ನಡುವೆಯೂ ಸಂಜೀವಣ್ಣನ ಬೆರಳು ಮೌಸಿನ ಮೇಲೆ ಟಕ್ ಟಕ್ ಅನ್ನುತ್ತಲೇ ಇರಬೇಕು. ತೊಟ್ಟಿಲು ತೂಗುವವರ ಹಾಗೆ ಅವರ ಮೈಯೂ ಸಣ್ಣಗೆ ತೂಗುತ್ತಿತ್ತು.

ಡಿಸ್ಕು ಎರಡಿತ್ತು. ಒಂದು ಕುರ್ಚಿಯ ಮೇಲೆ, ಅದರದೇ ಪ್ರತಿ ಇನ್ನೊಂದು ಅವರ ಕಪ್ಪು ಬ್ಯಾಗಿನಲ್ಲಿ. "ಒಂದೇ ಕಡೆ ಇದ್ದರೆ ಇಲ್ಲ ಅಂತಲೇ ಲೆಕ್ಕ ಸುಮತಿ" ಎಂದು ನನಗೆ ಎಷ್ಟು ಸಲ ಹೇಳಿದ್ದರೋ. ನಾನು ಮೆಲ್ಕಾರಿನಲ್ಲಿ ರವಿಕೆ ಹೊಲಿಯುವವಳು. ನನಗೆ ಇದರಲ್ಲಿ ಏನು ಅರ್ಥವಾಗಬೇಕು? ತಲೆಯಾಡಿಸುತ್ತಿದ್ದೆ.

ಆದರೆ ಹಾಡು ನನಗೆ ಅರ್ಥವಾಗುತ್ತಿತ್ತು. ವಾರವಿಡೀ ಬೇರೆಯವರ ತೋಳಿನ ಅಳತೆ ಹಿಡಿದು ಭಾನುವಾರ ಮೈಕಿನ ಮುಂದೆ ನಿಂತರೆ, ಊಟದ ಹಾಲಿನಲ್ಲಿದ್ದವರೂ ಒಮ್ಮೆ ತಲೆಯೆತ್ತಿ ನೋಡುತ್ತಿದ್ದರು. ನನಗೆ ಮದುವೆಯಾಗಿರಲಿಲ್ಲ, ಪ್ರಾಯ ನಲವತ್ತರ ಹತ್ತಿರ, ದಪ್ಪ ಕನ್ನಡಕ. ನನ್ನ ಹತ್ತಿರ ನೋಡುವಂಥದ್ದು ಏನೂ ಇರಲಿಲ್ಲ. ಕೇಳುವಂಥದ್ದು ಇತ್ತು, ಅದೊಂದೇ ಇತ್ತು.

ಅದು ಸಂಜೀವಣ್ಣನಿಗೂ ಗೊತ್ತಿತ್ತು. ಕಕ್ಕಿಂಜೆಯಲ್ಲಿ ಒಂದು ಮದುವೆಯ ಮಧ್ಯಾಹ್ನ, ಹಾಡಿನ ನಡುವೆ ಕರೆಂಟು ಹೋಯಿತು. ಜನರೇಟರು ಬಂದ ಕೂಡಲೇ ಮೈಕು ಬಂತು, ಲ್ಯಾಪ್‌ಟಾಪು ಬರಲಿಲ್ಲ. ಅದು ಮೊದಲಿಂದ ಕಣ್ಣು ಬಿಡಬೇಕು, ಡಿಸ್ಕನ್ನು ಗುರುತು ಹಿಡಿಯಬೇಕು. ಸಂಜೀವಣ್ಣನ ಮುಖದಲ್ಲಿ ರಕ್ತವಿಲ್ಲ. ನಾನು ಹಾಡು ನಿಲ್ಲಿಸಲಿಲ್ಲ. ವಾದ್ಯವಿಲ್ಲದೆ ಆ ಹಾಡು ಮುಗಿಸಿ ಇನ್ನೊಂದನ್ನೂ ಹಾಡಿದೆ. ಬಡಿಸುವವರು ಸೌಟು ಹಿಡಿದುಕೊಂಡೇ ನಿಂತುಬಿಟ್ಟಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಸಂಜೀವಣ್ಣ ಕೆಂಪು ಕುರ್ಚಿಯಿಂದ ಡಿಸ್ಕನ್ನು ಎತ್ತಿ ಬ್ಯಾಗಿಗೆ ಹಾಕಿ, "ಕೂತುಕೋ" ಎಂದರು. ನಾನು ಆ ಕುರ್ಚಿಯಲ್ಲಿ ಕೂತದ್ದು ಅದೊಂದೇ ಸಲ. "ನನ್ನ ಮಾನ ಉಳಿಸಿದಿ. ನಾನು ಈ ಕೆಲಸದಲ್ಲಿ ಇರುವಷ್ಟು ದಿನ ನಮ್ಮಲ್ಲಿ ಹೆಣ್ಣು ಸ್ವರ ನಿನ್ನದೇ, ಬೇರೆಯವರದ್ದು ಇಲ್ಲ" ಎಂದರು. ಕಣ್ಣಲ್ಲಿ ನೀರಿತ್ತು. ಆ ನೀರು ನಿಜದ್ದು ಎಂದು ನಾನು ಈಗಲೂ ನಂಬುತ್ತೇನೆ. ಅದೇ ನನ್ನ ಕಷ್ಟ.

ಮರುವರ್ಷ ನನಗೆ ಗಂಟಲು ಕಟ್ಟಿ ಒಂದು ಭಾನುವಾರ ತಪ್ಪಿತು. ಆಗ ಅವರು ಹೊಸ ಮಾತು ತೆಗೆದರು. "ಟೆಂಪೋಕ್ಕೆ ಸ್ಟೆಪ್ನಿ ಇಲ್ವಾ? ಹಾಗೆ ನಿನ್ನ ಹಾಡುಗಳನ್ನು ರೆಕಾರ್ಡ್ ಮಾಡಿ ಇಡುವ. ನಿನಗೆ ಗಂಟಲು ಕೈಕೊಟ್ಟ ದಿನ ನೀನು ಸುಮ್ಮನೆ ಬಾಯಿ ಆಡಿಸು, ಸ್ವರ ಡಿಸ್ಕಿನಿಂದ ಬರ್ತದೆ. ಯಾರಿಗೂ ಗೊತ್ತಾಗುವುದಿಲ್ಲ."

ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಗೆ ಕಂಬಳಿ ಕಟ್ಟಿ, ಸದ್ದಾಗುತ್ತದೆಂದು ಫ್ಯಾನು ನಿಲ್ಲಿಸಿ, ನಾಲ್ಕು ದಿನ ಬೆವರು ಸುರಿಸಿ ಹಾಡಿದೆ. ಒಂದು ಹಳೆಯ ಭಾವಗೀತೆಯಲ್ಲಿ ಎರಡನೆಯ ಚರಣಕ್ಕೆ ಮೊದಲು ಗಂಟಲು ಕೆರೆದು "ಹ್ಹುಂ" ಎಂದು ಸರಿಮಾಡಿಕೊಂಡೆ. "ಪುನಃ ಹಾಡ್ತೇನೆ ಅಣ್ಣ" ಎಂದರೆ, "ಇರಲಿ ಮಾರಾಯ್ತಿ, ಜೀವ ಇರುವ ಸ್ವರ ಅಂತ ಗೊತ್ತಾಗ್ಲಿ" ಎಂದು ನಕ್ಕರು. ಅವರ ಹೆಂಡತಿ ನನಗೆ ಪುನರ್ಪುಳಿ ಶರಬತ್ತು ಮಾಡಿಕೊಟ್ಟರು. ಎಷ್ಟು ಸಂತೋಷದಿಂದ ಕುಡಿದೆ!

ಆಮೇಲೆ ಭಾನುವಾರಗಳು ಕಡಿಮೆಯಾದವು. ಫೋನು ಮಾಡಿದರೆ, "ಈ ಸಲ ಪ್ರೋಗ್ರಾಮೇ ಇಲ್ಲ, ಎಂತ ಮಾಡುವುದು ಹೇಳು" ಎನ್ನುತ್ತಿದ್ದರು. ಪಾಪ, ಅವರಿಗೆ ಎಷ್ಟು ತೊಂದರೆಯೋ ಎಂದು ನಾನೇ ಮರುಗಿದೆ. ನನ್ನಂಥ ಪೆದ್ದಿ ಮೂರು ತಾಲೂಕಿನಲ್ಲಿ ಇರಲಿಕ್ಕಿಲ್ಲ.

ಮೂಡಬಿದ್ರೆಯಲ್ಲಿ ಚಿಕ್ಕಮ್ಮನ ಕಡೆಯ ಒಂದು ಮದುವೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ವೇದಿಕೆಯ ಮೂಲೆಯಲ್ಲಿ ಮೊದಲು ಕಂಡದ್ದು ಕೆಂಪು ಕುರ್ಚಿ, ಅದರ ಮೇಲಿನ ಬೈರಾಸು. ಆಮೇಲೆ ಸಂಜೀವಣ್ಣನ ತೂಗುವ ಬೆನ್ನು. ಮೈಕಿನ ಮುಂದೆ ಹೊಳೆಯುವ ಲಂಗದ ಒಬ್ಬ ಚೆಂದದ ಹುಡುಗಿ. ಹುಡುಗಿ ಬಾಯಿ ತೆರೆದಳು. ಬಂದದ್ದು ನನ್ನ ಸ್ವರ.

ಅನ್ನ ಕೈಯಲ್ಲೇ ಉಳಿಯಿತು. ಪಕ್ಕದಲ್ಲಿದ್ದ ಚಿಕ್ಕಮ್ಮ, "ಈ ಹುಡುಗಿಯ ಸ್ವರ ನಿನ್ನ ಹಾಗೆಯೇ ಉಂಟಲ್ಲ! ನಿನ್ನದಕ್ಕಿಂತ ಸ್ವಲ್ಪ ಚಂದ" ಎಂದರು. ಮೊದಲ ಚರಣ ಮುಗಿದು ಕೊಳಲು ಬಂತು. ಹುಡುಗಿ ತುಟಿ ಮುಚ್ಚಿ ಜನರ ಕಡೆ ನಗುತ್ತಿದ್ದಳು. ಆಗ ಸ್ಪೀಕರಿನಿಂದ "ಹ್ಹುಂ" ಎಂದು ನನ್ನ ಗಂಟಲು ಹಾಲಿಗೆಲ್ಲ ಕೇಳಿತು. ಒಬ್ಬರಾದರೂ ಗಮನಿಸಬೇಕಲ್ಲ? ಎಲ್ಲರೂ ಪಾಯಸದಲ್ಲಿದ್ದರು.

ಎಂಜಲು ಕೈಯಲ್ಲೇ ವೇದಿಕೆಯ ಬದಿಗೆ ಹೋಗಿ ನಿಂತೆ. ಸಂಜೀವಣ್ಣ ನನ್ನನ್ನು ನೋಡಿದರು, ಕೂಡಲೇ ಬಗ್ಗಿ ಬಸ್ ಟಿಕೇಟಿನ ಬೆಣೆಯನ್ನು ಒತ್ತಿಕೊಂಡರು. ವಯರು ನನ್ನ ಕೈಗೆ ಎಟಕುವಷ್ಟು ಹತ್ತಿರ ಇತ್ತು. ಒಂದು ಎಳೆತ ಸಾಕಿತ್ತು, ಹುಡುಗಿಯ ಬಾಯಿ ಆಡುತ್ತಾ ಇರುವಂತೆಯೇ ಸ್ವರ ನಿಲ್ಲುತ್ತಿತ್ತು. ಹುಡುಗಿ ಎರಡೂ ಕೈಯಲ್ಲಿ ಮೈಕನ್ನು ಅವುಚಿ ಹಿಡಿದಿದ್ದಳು. ನನ್ನಿಂದ ಆಗಲಿಲ್ಲ. ಎಳೆಯಬೇಕಿತ್ತು ಎಂದು ಈಗ ಹೊಟ್ಟೆ ಉರಿಯುತ್ತದೆ.

ಮರುದಿನ ಬೆಳ್ತಂಗಡಿಗೆ ಹೋದೆ. ಅವರು ಬಲ್ಬು ಜೋಡಿಸುತ್ತಿದ್ದರು.

"ಪಾರ್ಟಿಯವರು ಪ್ರಾಯದ ಹುಡುಗಿ ಬೇಕು ಅಂತಾರೆ. ನಾನು ಎಂತ ಮಾಡ್ಲಿ? ಆ ಹುಡುಗಿಗೆ ಹಾಡ್ಲಿಕ್ಕೆ ಬರುವುದಿಲ್ಲ, ನಿನಗೆ…" ಎಂದು ನಿಲ್ಲಿಸಿದರು.

"ನನಗೆ ಎಂತ? ಹೇಳಿ."

"ನಾನು ಮಾತು ತಪ್ಪಿದೆನಾ ಸುಮತಿ? ಹೆಣ್ಣು ಸ್ವರ ನಿನ್ನದೇ ಅಂದಿದ್ದೆ. ಇವತ್ತಿಗೂ ನಿನ್ನದೇ ಅಲ್ಲವಾ?"

ನನ್ನ ಮೈ ಉರಿದುಹೋಯಿತು. "ನಾಚಿಕೆ ಆಗುವುದಿಲ್ವಾ ನಿಮಗೆ? ಹುಡುಗಿ ಬಾಯಿ ಮುಚ್ಚಿ ನಗ್ತಾ ಇರುವಾಗ ನಾನು ಗಂಟಲು ಕೆರೆದದ್ದು ಇಡೀ ಹಾಲಿಗೆ ಕೇಳಿತು. ಕಳ್ಳತನ ಮಾಡ್ಲಿಕ್ಕೂ ಸರಿ ಬರುವುದಿಲ್ಲ ನಿಮಗೆ!" ಎಂದು ಕಿರುಚಿದೆ. ಇಷ್ಟೆಲ್ಲ ಆದರೂ 'ನೀವು' ಬಿಟ್ಟು 'ನೀನು' ಎನ್ನಲು ನಾಲಗೆ ಏಳಲಿಲ್ಲ.

ಅವರು ತಲೆಯೆತ್ತಿದರು. "ಹೌದಾ? ಎರಡನೇ ಚರಣಕ್ಕೆ ಮೊದಲಾ?" ಎಂದು ಮೆಲ್ಲಗೆ ಕೇಳಿದರು. ಪಶ್ಚಾತ್ತಾಪ ಎಂದುಕೊಂಡೆ. ಒಳಗೆ ಹೋಗಿ ಡಿಸ್ಕು ತಂದು ಬೈರಾಸಿನ ಸಮೇತ ನನ್ನ ಕೈಗಿಟ್ಟರು. "ನಿನ್ನ ಸ್ವರ ನಿನಗೆ. ತೆಗೊಂಡು ಹೋಗು. ಬಸ್ಸಿನಲ್ಲಿ ಜಾಗ್ರತೆ, ಅದುರಬಾರದು" ಎಂದರು. ಅವರನ್ನು ನೋಡಿದ್ದು ಅದೇ ಕೊನೆ.

ಮೆಲ್ಕಾರಿನವರೆಗೂ ಆ ಡಬ್ಬಿಯನ್ನು ಕೂಸಿನಂತೆ ಮಡಿಲಲ್ಲಿ ಇಟ್ಟುಕೊಂಡು, ಹೊಂಡ ಬಂದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿದು ಬಂದೆ. ಮನೆಯಲ್ಲಿ ಕಂಪ್ಯೂಟರಿಲ್ಲ, ಕಪಾಟಿನಲ್ಲಿ ಸೀರೆಗಳ ನಡುವೆ ಇಟ್ಟು ಬೀಗ ಹಾಕಿದೆ. ಅಷ್ಟು ಸಲೀಸಾಗಿ ಕೊಟ್ಟರಲ್ಲ, ಪಾಪ, ಕೆಟ್ಟವರಲ್ಲ ಎಂದುಕೊಂಡೆ. ಕಪ್ಪು ಬ್ಯಾಗಿನ ಇನ್ನೊಂದು ಡಿಸ್ಕಿನ ನೆನಪು ಬರಲೇ ಇಲ್ಲ.

ಎರಡು ತಿಂಗಳ ಮೇಲೆ ಕೊಕ್ಕಡದ ನೆಂಟರ ಮನೆಗೆ ಹೊರಟಿದ್ದೆ. ಮದುವೆ ಹಾಲಿನ ಎದುರು ಕಾರುಗಳು ಅಡ್ಡ ನಿಂತು ಬಸ್ಸು ಮುಂದೆ ಹೋಗಲಿಲ್ಲ. ಒಳಗಿನಿಂದ ಹಾಡು ಬರುತ್ತಿತ್ತು. ಅದೇ ಭಾವಗೀತೆ, ನಾನೇ. ಮೊದಲ ಚರಣ ಮುಗಿಯಿತು. ಕೊಳಲು ಬಂತು. ಕಿಟಕಿಯ ಸರಳು ಹಿಡಿದು ಕಾದೆ. "ಹ್ಹುಂ" ಬರಲಿಲ್ಲ. ಆ ಜಾಗವನ್ನು ಚೊಕ್ಕವಾಗಿ ಕತ್ತರಿಸಿ ತೆಗೆದಿದ್ದರು. ಎಲ್ಲಿ ಕತ್ತರಿಸಬೇಕೆಂದು ಹೇಳಿಕೊಟ್ಟು ಬಂದವಳು ನಾನೇ.

ಎರಡನೆಯ ಚರಣ ಶುರುವಾಗುವ ಮೊದಲು, ನನಗೇ ತಿಳಿಯದೆ, ಬಸ್ಸಿನೊಳಗೆ ನಾನು ಗಂಟಲು ಸರಿಮಾಡಿಕೊಂಡೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಚೀಲದಿಂದ ಬಾಟಲಿ ತೆಗೆದು, "ನೀರು ಬೇಕಾ ಅಕ್ಕ?" ಎಂದರು.